ಪಾಸ್ ಮಾಡಿದ ಪೆಟ್ಟಿಗೆ

ಆ ಪೆಟ್ಟಿಗೆ ಇನ್ನೂ ನಮ್ಮ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ ಮಗುಚಿ ಬಿದ್ದಿದೆ. ಅದರ ಮುಚ್ಚಳದ ಬಲಮೂಲೆಯಲ್ಲಿ ಕಾಸಿನಗಲದ ಒಂದು ಹಸಿರು ಬೊಟ್ಟಿದೆ. ಅದನ್ನು ಇಟ್ಟವನು ನಾನು. ಅದರ ಮೇಲೆ ಅಡ್ಡಡ್ಡ ಎಳೆದ ಕೆಂಪು ಗೀಟುಗಳೂ ನನ್ನವೇ, ಆದರೆ ಅವು ಆಮೇಲಿನವು, ತುಂಬಾ ತಡವಾಗಿ ಎಳೆದವು.

ಮೂವತ್ತೊಂದು ವರ್ಷ ನಾನು ಒಂದು ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಕೆಲಸ. ಸರಿಯಿದ್ದರೆ ಹಸಿರು ಬೊಟ್ಟು, ಸರಿಯಿಲ್ಲದಿದ್ದರೆ ಕೆಂಪು ಗೀಟು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಮಾಲು ವಾಪಸ್ ಕಳಿಸುತ್ತಿದ್ದೆ. ಬೆನ್ನ ಹಿಂದೆ ನನಗೆ ಏನೇನು ಹೆಸರಿಟ್ಟಿದ್ದರೋ ಗೊತ್ತಿಲ್ಲ, ಮುಂದೆ ಮಾತ್ರ ಎಲ್ಲರೂ ಸರ್ ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ತಪ್ಪು ಹುಡುಕಲು ಮನೆಯೊಂದೇ ಉಳಿಯಿತು. ಕುಕ್ಕರಿನ ಗ್ಯಾಸ್ಕೆಟ್, ಗೇಟಿನ ಚಿಲಕ, ಹೆಂಡತಿ ಮಡಿಸಿಟ್ಟ ಬಟ್ಟೆ, ಯಾವುದನ್ನೂ ನಾನು ಬಿಡುತ್ತಿರಲಿಲ್ಲ. "ಒಂದು ದಿನ ಕನ್ನಡಿ ಮುಂದೆ ನಿಂತ್ಕೊಂಡು ನಿಮ್ಮನ್ನೇ ಇನ್ಸ್‌ಪೆಕ್ಷನ್ ಮಾಡ್ಕೊಳ್ಳಿ" ಅಂತ ಅವಳು ಅನ್ನುತ್ತಿದ್ದಳು. ಆಗ ನಗುತ್ತಿದ್ದೆ.

ನಮ್ಮ ಮನೆ ಇರುವುದು ರಾಜಗೋಪಾಲನಗರದಲ್ಲಿ. ಇಲ್ಲಿ ಸೈಟಿನ ಸುತ್ತ ಜಾಗ ಬಿಟ್ಟು ಮನೆ ಕಟ್ಟಿದವನನ್ನು ದಡ್ಡ ಅನ್ನುತ್ತಾರೆ. ನಾನೂ ದಡ್ಡನಾಗಲಿಲ್ಲ. ಗಡಿಗೆ ಗೋಡೆ ಹಚ್ಚಿ ಕಟ್ಟಿಸಿದೆ. ಪಕ್ಕದ ಕಟ್ಟಡದವರು ಒಂದೂವರೆ ಅಡಿ ಬಿಟ್ಟಿದ್ದರು, ಅದೇ ಎರಡೂ ಮನೆಗಳ ನಡುವಿನ ಸಂದು. ಮೈ ಅಡ್ಡ ಮಾಡಿಕೊಂಡರೆ ಒಬ್ಬ ತೂರಬಹುದು. ಆ ಸಂದಿಗೆ ಪಕ್ಕದ ಕಟ್ಟಡದ ನೆಲಮಹಡಿಯ ಒಂದು ರೂಮಿನ ಮನೆಯ ಕಿಟಕಿ ತೆರೆದುಕೊಳ್ಳುತ್ತದೆ. ಬಚ್ಚಲ ಕಿಂಡಿ ಬಿಟ್ಟರೆ ಅದೊಂದೇ ಕಿಟಕಿ ಆ ಮನೆಗೆ. ಇತ್ತ ಕಡೆ ಅದರ ಎದುರಿಗೇ ನಮ್ಮ ಅಡುಗೆಮನೆಯ ಹಿಂದಿನ ಯುಟಿಲಿಟಿ, ಅಂದರೆ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಸಣ್ಣ ಜಾಗ.

ನನ್ನ ಹೆಂಡತಿ ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ. ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಮನೆಗಳಿಗೆಲ್ಲ ಅವಳ ಹಿಟ್ಟೇ ಆಗಬೇಕು. ಆದರೆ ತಿಂಗಳಿಗೆ ಎರಡು ಮೂರು ದಿನ ರಿಪೇರಿಯ ನೆಪದಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ತೆಗೆಯುತ್ತಾರೆ. ನೆನೆಸಿದ ಅಕ್ಕಿ ಕರೆಂಟಿಗೆ ಕಾಯುತ್ತದೆಯೇ? ಹುಳಿಯಾಗಿ ನಾರುತ್ತದೆ. ಅದಕ್ಕಾಗಿ ಒಂದು ಸಣ್ಣ ಪೆಟ್ರೋಲ್ ಜನರೇಟರ್ ತಂದೆ. ಇಬ್ಬರು ಹಿಡಿದರೆ ಎತ್ತಬಹುದಾದಷ್ಟು ಚಿಕ್ಕದು, ಸದ್ದು ಮಾತ್ರ ಲಾರಿಯದು. ಅದನ್ನು ಯುಟಿಲಿಟಿಯಲ್ಲಿ ಗ್ರಿಲ್ಲಿನ ಪಕ್ಕ ಇಟ್ಟು ಓಡಿಸುತ್ತಿದ್ದೆ.

ಮೂರನೆಯ ಸಲ ಓಡಿಸಿದ ದಿನ ಆ ಹುಡುಗಿ ಬಂದಳು. ಸಂದಿನ ಆಚೆಯ ರೂಮಿನಲ್ಲಿ ಒಬ್ಬಳೇ ಬಾಡಿಗೆಗಿದ್ದಳು. ಗದಗದ ಕಡೆಯವಳು, ಆಸ್ಪತ್ರೆಯೊಂದರಲ್ಲಿ ನರ್ಸ್, ಯಾವಾಗಲೂ ರಾತ್ರಿ ಪಾಳಿ. ಕಣ್ಣು ಕೆಂಪಾಗಿತ್ತು, ಜಡೆ ಬಿಚ್ಚಿತ್ತು. ಆದರೂ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ರಾತ್ರಿಯೆಲ್ಲಾ ಡ್ಯೂಟಿ ಮಾಡಿ ಬಂದು ಮಲಗೂದು ನಾನು. ಕರೆಂಟ್ ಹೋದ ದಿನ ಫ್ಯಾನೂ ಇಲ್ಲ. ಕಿಡಕಿ ತಗದ್ರ ನಿಮ್ಮ ಮಷಿನ್ ಸಪ್ಪಳ, ಮುಚ್ಚಿದ್ರ ಶೆಕಿ. ಏನರ ಮಾಡಾಕ ಬರತೈತೇನ್ರಿ?"

ಕಾಕಾ ಅಂದಳು. ನಮ್ಮ ಕಡೆ ಆ ಮಾತಿಲ್ಲ. ಇಲ್ಲಿ ಎಲ್ಲರಿಗೂ ನಾನು ಅಂಕಲ್ಲು, ಇಲ್ಲವೇ ಸಾರು. ನಮಗೆ ಮಕ್ಕಳಿಲ್ಲ. ಯಾರದೋ ಮನೆಯ ಚಿಕ್ಕಪ್ಪನಾದಂತೆ ಅನ್ನಿಸಿ ಒಳಗೊಳಗೇ ಹಿಗ್ಗಿದೆ. ನನ್ನ ಹೆಂಡತಿಯನ್ನು ಕಾಕೂ ಅಂದಳು. ಅವತ್ತಿನಿಂದ ಮಧ್ಯಾಹ್ನ ಮೂರಕ್ಕೆ ಎದ್ದು ಮುಖ ತೊಳೆದು ಡಬ್ಬಿ ಹಿಡಿದುಕೊಂಡು ಹಿಟ್ಟಿಗೆ ಬರುವುದು, ಕಾಕೂ ಕೊಟ್ಟ ಕಾಫಿ ಕುಡಿದು ಹೋಗುವುದು ರೂಢಿಯಾಯಿತು.

"ನೀನು ನಿಶ್ಚಿಂತೆಯಿಂದಿರಮ್ಮ. ಮುಂದಿನ ಸಲ ಮಷಿನ್ ಓಡ್ತಾ ಇದೆ ಅಂತ ನಿಂಗೆ ಗೊತ್ತೇ ಆಗಲ್ಲ" ಎಂದು ಆ ಮೊದಲ ದಿನವೇ ಹೇಳಿದ್ದೆ. ಆ ಮಾತನ್ನು ಅಕ್ಷರಶಃ ನಡೆಸಿಕೊಟ್ಟೆ.

ಪೀಣ್ಯದ ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ಸಿಗದ ವಸ್ತುವಿಲ್ಲ. ದಪ್ಪ ಪ್ಲೈವುಡ್ ತಂದೆ, ತಗಡು ತಂದೆ, ಬಾಯ್ಲರುಗಳಿಗೆ ಸುತ್ತುವ ಬೆಂಕಿ ಹತ್ತದ ಉಣ್ಣೆಯಂಥ ಹಾಸು ತಂದೆ. ಹತ್ತು ದಿನ ತಾರಸಿಯ ಮೇಲೆ ಕೂತು ಜನರೇಟರಿಗೆ ಒಂದು ಪೆಟ್ಟಿಗೆ ಕಟ್ಟಿದೆ. ಕಟ್ಟಿದ ಮೇಲೆ ಪರೀಕ್ಷೆ. ಕಾರ್ಖಾನೆಯಲ್ಲಿ ಸಂದಿಲ್ಲದ ಡಬ್ಬಿಯನ್ನು ಪರೀಕ್ಷಿಸಲು ಒಂದು ಹಳೆಯ ಉಪಾಯವಿತ್ತು. ಒಳಗೆ ಟಾರ್ಚ್ ಹೊತ್ತಿಸಿಟ್ಟು ಮುಚ್ಚಳ ಹಾಕಿ, ಕೋಣೆ ಕತ್ತಲು ಮಾಡಿ ಸುತ್ತ ನೋಡುವುದು. ಬೆಳಕು ಎಲ್ಲಿಂದ ಹೊರಬರುತ್ತದೋ ಅಲ್ಲಿಂದಲೇ ಸದ್ದೂ ಬರುತ್ತದೆ. ಒಂದೊಂದು ಬೆಳಕಿನ ಗೆರೆಗೂ ಪುಟ್ಟಿ ಮೆತ್ತಿದೆ. ಕೊನೆಗೆ ಒಂದು ಚುಕ್ಕೆ ಬೆಳಕೂ ಕಾಣದಂತಾಯಿತು.

ಒಳಗಿಟ್ಟು ಓಡಿಸಿದರೆ ಹತ್ತು ನಿಮಿಷಕ್ಕೆ ಮಷಿನ್ ಕಾದು ಉಸಿರುಗಟ್ಟಿ ನಿಂತಿತು.

ಅದು ಮೊದಲ ಎಚ್ಚರಿಕೆ. ಮುಚ್ಚಿದ ಪೆಟ್ಟಿಗೆಯಲ್ಲಿ ಕಬ್ಬಿಣದ ಯಂತ್ರಕ್ಕೇ ಉಸಿರಾಡಲು ಆಗುವುದಿಲ್ಲ ಅಂತ ಅದು ಹೇಳುತ್ತಿತ್ತು. ನನಗೆ ಕೇಳಿಸಿದ್ದು ಬೇರೆ, ಡಿಸೈನ್ ಬದಲಾಯಿಸು ಅಂತ. ಗಾಳಿ ಒಳಬರಲು ಹೋಗಲು ಅಂಕುಡೊಂಕಾದ ಎರಡು ದಾರಿ ಮಾಡಿದೆ. ಫ್ಯಾನ್ ಕೂರಿಸಿದೆ. ಇನ್ನು ಹೊಗೆ. ಸೈಲೆನ್ಸರಿನ ಬಾಯಿಗೆ ಬಳುಕುವ ಉಕ್ಕಿನ ಕೊಳವೆ ಸಿಕ್ಕಿಸಿ, ಯುಟಿಲಿಟಿಯ ಗೋಡೆಗೆ ತೂತು ಕೊರೆದು, ಕೊಳವೆಯ ತುದಿಯನ್ನು ಆಚೆ ಬಿಟ್ಟೆ. ಆಚೆ ಅಂದರೆ ಸಂದಿಗೆ.

ಆ ಹೊಗೆ ವಿಷ ಅಂತ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದರಿಂದಲೇ ತೂತಿನ ಸುತ್ತ ಸಿಮೆಂಟ್ ಮೆತ್ತಿದೆ. ಗೊತ್ತಿದ್ದರಿಂದಲೇ ಮಷಿನ್ ಓಡಿಸಿ, ದೇವರ ಮನೆಯಿಂದ ಊದುಬತ್ತಿ ತಂದು ಹೊತ್ತಿಸಿ, ಅದರ ಹೊಗೆ ಯಾವ ಕಡೆ ಎಳೆಯುತ್ತದೆ ಅಂತ ಅಡುಗೆಮನೆಯ ಬಾಗಿಲಲ್ಲಿ, ಹಾಲಿನಲ್ಲಿ, ನಮ್ಮ ಮಲಗುವ ಕೋಣೆಯಲ್ಲಿ ಹಿಡಿದು ನೋಡಿದೆ. ಎಲ್ಲ ಕಡೆ ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರಿತು. ನಮ್ಮ ಮನೆಗೆ ಒಂದು ಎಳೆಯೂ ವಾಪಸ್ ಬರುತ್ತಿಲ್ಲ. ಅಷ್ಟಕ್ಕೇ ಊದುಬತ್ತಿ ನಂದಿಸಿದೆ. ಗೋಡೆಯ ಆಚೆಗೂ ಒಂದು ಮನೆಯಿದೆ, ಅಲ್ಲೂ ಊದುಬತ್ತಿ ಹಿಡಿದು ನೋಡಬೇಕು ಅಂತ ಹೊಳೆಯಲಿಲ್ಲ. ಮಷಿನ್ ಓಡುವಾಗ ಆ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಅದು ಮುಚ್ಚಿರುತ್ತಿದ್ದದ್ದು ನಮ್ಮ ಮಷಿನ್ನಿನ ಸದ್ದಿಗೆ, ಸದ್ದು ನಿಂತರೆ ಅದು ತೆರೆಯುತ್ತದೆ ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಊರಿಗೆಲ್ಲ ಹೇಳುತ್ತಿದ್ದವನು ನಾನು.

ಮುಚ್ಚಳದ ಬಲಮೂಲೆಗೆ ಹಸಿರು ಬೊಟ್ಟಿಟ್ಟೆ.

ಮುಂದಿನ ಸಲ ಕರೆಂಟ್ ಹೋದಾಗ ಬೀದಿಯವರೇ ಬಂದು ನೋಡಿದರು. ಗ್ರೈಂಡರ್ ತಿರುಗುತ್ತಿದೆ, ಮಷಿನ್ ಸದ್ದಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟರಷ್ಟೇ ಒಳಗೇನೋ ಗುರುಗುಡುವುದು ಗೊತ್ತಾಗುತ್ತಿತ್ತು. "ಸಕ್ಕತ್ತಾಗಿದೆ ಅಂಕಲ್, ನೀವು ಇದನ್ನೇ ಮಾಡಿ ಮಾರಬಹುದು" ಅಂದರು. ಮೂರಕ್ಕೆ ಎದ್ದು ಬಂದ ಆ ಹುಡುಗಿ, "ಕಾಕಾ, ಇವತ್ತು ಕಿಡಕಿ ತಗದು ಮಲಕ್ಕೊಂಡಿದ್ನಿ ನೋಡ್ರಿ. ಸಂದಿನ್ಯಾಗಿಂದ ಸ್ವಲ್ಪ ಗಾಳಿ ಬಂತು. ನಿಮಗ ಪುಣ್ಯ ಬರ್ಲಿ" ಅಂದಳು.

ಕಿಟಕಿ ತೆಗೆದಿದ್ದೆ ಅಂದಳು. ಕೊಳವೆಯ ಬಾಯಿ ಆ ಕಿಟಕಿಯಿಂದ ನಾಲ್ಕು ಅಡಿ ದೂರ. ಎರಡೂ ನನಗೆ ಗೊತ್ತಿದ್ದ ಸಂಗತಿಗಳೇ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಲಿಲ್ಲ. ಹೊಗಳಿಕೆ ಕೇಳುತ್ತಾ ಕಾಫಿ ಕುಡಿಯುತ್ತಿದ್ದೆ.

"ಆದ್ರ ತಲಿ ಯಾಕೋ ಭಾಳ ನೋಯಾಕತ್ತೈತ್ರಿ ಕಾಕೂ" ಅಂತ ಅವಳು ಹೇಳಿದ್ದೂ ಅವತ್ತೇ. ನನ್ನ ಹೆಂಡತಿ ಶುಂಠಿ ಕಾಫಿ ಮಾಡಿಕೊಟ್ಟಳು. ಆಮೇಲಿನ ಸಲವೂ ತಲೆನೋವು ಅಂದಳು. "ರಾತ್ರಿ ಪಾಳಿ ಅಂದ್ರೆ ಹಂಗೇನಮ್ಮ, ನಮ್ಮ ಫ್ಯಾಕ್ಟ್ರಿಯಲ್ಲೂ ಎಲ್ಲರಿಗೂ ತಲೆನೋವೇ" ಎಂದು ನಾನೇ ಡಾಕ್ಟರಂತೆ ತೀರ್ಪು ಕೊಟ್ಟೆ. ಕರೆಂಟ್ ಹೋದ ದಿನ ಮಾತ್ರ ತಲೆನೋವು ಬರುತ್ತಿದೆ ಅನ್ನುವುದನ್ನು ಹಿಡಿಯದವನು ಎಂಥ ಇನ್ಸ್‌ಪೆಕ್ಟರ್?

ಆ ಶನಿವಾರ ಎಲೆ ಅಲುಗದಷ್ಟು ಸೆಕೆ. ಹತ್ತಕ್ಕೆ ಕರೆಂಟ್ ಹೋಯಿತು. ಹಿಟ್ಟಿಗೆ ಬೇಡಿಕೆ ಜಾಸ್ತಿಯಿದ್ದ ದಿನ, ನಡುವೆ ಒಮ್ಮೆ ಪೆಟ್ರೋಲ್ ತುಂಬಿಸಲು ಬಿಟ್ಟರೆ ಮಷಿನ್ ನಿಲ್ಲಿಸಿರಲಿಲ್ಲ. ಮೂರಾಯಿತು. ಹುಡುಗಿ ಬರಲಿಲ್ಲ.

"ರೀ, ಆ ಹುಡುಗಿ ಇನ್ನೂ ಎದ್ದಿಲ್ಲ ಕಣ್ರೀ. ಹೋಗಿ ಕೂಗ್ಲಾ?" ಅಂದಳು ನನ್ನ ಹೆಂಡತಿ.

"ಮಲಗಲಿ ಬಿಡೇ. ಅವಳು ಚೆನ್ನಾಗಿ ನಿದ್ದೆ ಮಾಡಲಿ ಅಂತ ತಾನೇ ಹತ್ತು ದಿನ ಒದ್ದಾಡಿ ಪೆಟ್ಟಿಗೆ ಕಟ್ಟಿದ್ದು. ನೀನೇ ಹೋಗಿ ಎಬ್ಬಿಸ್ತೀಯಾ?"

ಅವಳು ಗ್ರೈಂಡರಿನ ಕಡೆ ತಿರುಗಿದಳು. ನಾನು ಪೇಪರ್ ಓದುತ್ತಾ ಕೂತೆ. ಮೂರೂವರೆಯ ಸುಮಾರಿಗೆ ಅವಳು ನನ್ನನ್ನು ಕೇಳದೆಯೇ ಎದ್ದು ಹೋದಳು. ಆ ಅರ್ಧ ಗಂಟೆಯನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ ದೇವರಿಗೇ ಗೊತ್ತು. ಪೇಪರಿನಲ್ಲಿ ಏನು ಓದಿದೆ ಅಂತ ಒಂದಕ್ಷರವೂ ನೆನಪಿಲ್ಲ.

"ಬಾಗಿಲು ಬಡಿದ್ರೂ ತೆಗೀತಿಲ್ಲ, ಬನ್ರೀ ಇಲ್ಲಿ" ಅಂತ ಅವಳು ಕೂಗಿದಳು. ಕಿಟಕಿಯಿಂದ ನೋಡೋಣವೆಂದು ನಾನು ಸಂದಿಗೆ ಅಡ್ಡಡ್ಡ ತೂರಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮೊಣಕಾಲಿಗೆ ಬಿಸಿ ಗಾಳಿ ಬಡಿಯಿತು. ಪೆಟ್ರೋಲ್ ಹೊಗೆಯ ವಾಸನೆ ಸಂದಿನ ತುಂಬ ಕೂತಿತ್ತು. ಮೇಲೆ ಎರಡೂ ಮನೆಗಳ ಸಜ್ಜಾಗಳು ಕೂಡಿಕೊಂಡಿವೆ, ಹೊಗೆಗೆ ಹೋಗಲು ದಾರಿಯಿಲ್ಲ. ಎದುರಿಗೆ ಆ ಕಿಟಕಿಯ ಎರಡೂ ಬಾಗಿಲು ಪೂರ್ತಿ ತೆರೆದಿದ್ದವು. ಒಳಗೆ ಮಂಚದ ಮೇಲೆ ಅವಳು ಒಂದು ಕೈ ಕೆಳಗೆ ಬಿಟ್ಟು ಮಲಗಿದ್ದಳು. ಕೆನ್ನೆ ಕೆಂಪಗಿತ್ತು. ಕೂಗಿದೆ. ಏಳಲಿಲ್ಲ.

ಆಗ ನನಗೆ ಎಲ್ಲವೂ ಗೊತ್ತಾಯಿತು. ಹೊಸದಾಗಿ ತಿಳಿಯಬೇಕಾದದ್ದು ಏನೂ ಇರಲಿಲ್ಲ.

ಸಂದಿನಿಂದ ಹೊರಬಂದವನು ಮೊದಲು ಅವಳ ಬಾಗಿಲಿಗೆ ಹೋಗಲಿಲ್ಲ. ನಮ್ಮ ಮನೆಗೆ ಓಡಿ ಮಷಿನ್ ಆಫ್ ಮಾಡಿದೆ. ವಿಷ ನಿಲ್ಲಿಸಲು ಮಾಡಿದೆ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೂ ನಿಜ. ಆದರೆ ಸ್ವಿಚ್ಚಿನ ಮೇಲೆ ಕೈಯಿಟ್ಟಾಗ, ಯಾರೂ ನೋಡುವ ಮುಂಚೆ ಅಂತಲೂ ಮನಸ್ಸಿನಲ್ಲಿ ಬಂತು. ಅದನ್ನು ಇಲ್ಲಿ ಬರೆಯದಿದ್ದರೆ ಬಾಕಿ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಅವಳ ಕಟ್ಟಡದ ಮೇಲಿನ ಮಹಡಿಯಿಂದ ಅದರ ಓನರ್ ಇಳಿದು ಬಂದರು. ಇಬ್ಬರೂ ಭುಜ ಕೊಟ್ಟು ಬಾಗಿಲು ತಳ್ಳಿದೆವು, ಚಿಲಕ ಕಿತ್ತು ಬಂತು. ಅವಳನ್ನು ಎತ್ತಿ ಗೇಟಿನ ಹೊರಗೆ ತಂದು ಮಲಗಿಸಿದೆವು. ಉಸಿರಿತ್ತು. ನನ್ನ ಹೆಂಡತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಣು ಬಿಡು ಕಂದಾ" ಅಂತ ಕೆನ್ನೆ ತಟ್ಟುತ್ತಲೇ ಇದ್ದಳು. ಆಟೋದಲ್ಲಿ ಓನರ್ ಮತ್ತು ನಾನು ಆಸ್ಪತ್ರೆಗೆ ಕರೆದೊಯ್ದೆವು.

ಆಕ್ಸಿಜನ್ ಹಾಕಿದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರ್ ಹೊರಗೆ ಬಂದು, "ಹೊಗೆಯ ವಿಷ ರಕ್ತಕ್ಕೆ ಸೇರಿದೆ. ಮನೇಲಿ ಗ್ಯಾಸ್ ಗೀಸರ್ ಇದೆಯಾ?" ಎಂದು ಕೇಳಿದರು.

"ಇದೆ ಸಾರ್, ಬಾತ್‌ರೂಮಲ್ಲೇ ಇದೆ" ಅಂದರು ಓನರ್.

"ಇದ್ದಲು, ಜನರೇಟರ್, ಅಂಥದ್ದೇನಾದ್ರೂ ಹತ್ತಿರದಲ್ಲಿ ಓಡ್ತಾ ಇತ್ತಾ?"

ನಾನು ಓನರ್ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು, ಅಷ್ಟೆ.

"ಇಲ್ಲ ಸಾರ್. ಇವರ ಮನೇಲಿ ಒಂದಿದೆ, ಆದ್ರೆ ಇವತ್ತು ಹಾಕಿರಲಿಲ್ಲ ಅನ್ಸುತ್ತೆ. ಸದ್ದೇ ಇರ್ಲಿಲ್ಲ" ಅಂದರು ಓನರ್. ಪೆಟ್ಟಿಗೆ ನೋಡಲು ಬಂದವರಲ್ಲಿ ಅವರಿರಲಿಲ್ಲ. ನನ್ನ ಮುಖ ನೋಡಿದರು. ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನೆಲ ನೋಡಿದೆ.

"ಹಾಗಾದ್ರೆ ಗೀಸರೇ" ಎಂದು ಡಾಕ್ಟರ್ ಬರೆದುಕೊಂಡರು.

ಅವಳು ಸ್ನಾನ ಮಾಡುತ್ತಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ, ಡ್ಯೂಟಿಯಿಂದ ಬಂದ ಕೂಡಲೇ. ಪ್ರಜ್ಞೆ ತಪ್ಪಿದ್ದು ಮಧ್ಯಾಹ್ನ. ಆ ಲೆಕ್ಕ ಕೂಡುವುದಿಲ್ಲ ಅಂತ ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನ್ನೊಬ್ಬನಿಗೆ. ಮೂವತ್ತೊಂದು ವರ್ಷದಲ್ಲಿ ಒಂದು ಸುಳ್ಳು ವರದಿಗೆ ಸಹಿ ಹಾಕಿದವನಲ್ಲ ನಾನು. ಅವತ್ತು ಬಾಯಿ ಮುಚ್ಚಿಕೊಂಡೇ ಸಹಿ ಹಾಕಿದೆ.

ಸಂಜೆ ಅವಳು ಕಣ್ಣು ಬಿಟ್ಟಳು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಊರಿಗೆ ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವಂತೆ ಓನರ್ ಮಾರನೆಯ ದಿನವೇ ಗೀಸರ್ ಕೀಳಿಸಿ ಹಾಕಿದರು. ನಾನು ಕೊಳವೆ ಬಿಚ್ಚಿ ಬಚ್ಚಿಟ್ಟೆ. ಗೋಡೆಯ ತೂತಿಗೆ ಒಳಗಿನಿಂದ ಚಿಂದಿ ತುರುಕಿದೆ. ಮಷಿನ್ ಕೆಟ್ಟಿದೆ ಅಂತ ಹೆಂಡತಿಗೆ ಸುಳ್ಳು ಹೇಳಿದೆ. ಅವಳು ಒಂದು ದಿನ ಪಾತ್ರೆ ತೊಳೆಯುತ್ತಾ, "ರೀ, ನಮ್ಮ ಮಷಿನ್ ಹೊಗೆ ಆಚೆ ಎಲ್ಲಿಗೆ ಹೋಗ್ತಿತ್ತು?" ಅಂತ ಕೇಳಿದಳು. "ಎಲ್ಲದಕ್ಕೂ ಒಂದು ಪ್ರಶ್ನೆ ಇಟ್ಕೊಂಡಿರ್ತೀಯಲ್ಲ, ಸುಮ್ನೆ ಕೆಲಸ ನೋಡು" ಎಂದು ಗದರಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅವಳು ತಿರುಗಿ ಒಮ್ಮೆ ನನ್ನನ್ನು ನೋಡಿ ಮತ್ತೆ ಪಾತ್ರೆ ತಿಕ್ಕಿದಳು.

ಹುಡುಗಿ ವಾಪಸ್ ಬಂದಾಗ ಚಳಿಗಾಲ ಶುರುವಾಗಿತ್ತು. ಗೀಸರ್ ಇಲ್ಲ. ಬೆಳಿಗ್ಗೆ ಡ್ಯೂಟಿಯಿಂದ ಬಂದು ಒಲೆಯ ಮೇಲೆ ನೀರು ಕಾಯಿಸಿ, ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ಹೋಗುವ ಸದ್ದು ನಮಗೆ ಕೇಳಿಸುತ್ತಿತ್ತು. ಹಿಟ್ಟಿಗೆ ಬಂದಾಗ ಸೋತವಳಂತೆ ಕೂರುತ್ತಿದ್ದಳು. "ಎಲ್ಲಾ ನಂದ ತಪ್ಪ್ರಿ ಕಾಕಾ. ನರ್ಸ್ ಆಗಿ ಮಂದಿಗೆ ಬುದ್ಧಿ ಹೇಳಾಕಿ, ನಾನ ಬಾತ್‌ರೂಮ್ ಕಿಡಕಿ ಮುಚ್ಚಿ ಗೀಸರ್ ಹಚ್ಚೀನಿ ಅಂತ ಆಸ್ಪತ್ರಿಯೊಳಗ ಎಲ್ಲಾರೂ ಆಡ್ಕೊಂಡು ನಗತಾರ" ಅಂದಳು. ಇನ್ನೊಂದು ದಿನ ಅಂಗೈ ತೋರಿಸಿದಳು. ಪೆನ್ನಿನಲ್ಲಿ ಏನೇನೋ ಬರೆದುಕೊಂಡಿದ್ದಳು. "ಮರವು ಬಂದೈತ್ರಿ. ಯಾರಿಗೆ ಯಾವ ಗುಳಿಗಿ ಕೊಟ್ಟೆ ಅಂತ ಅನುಮಾನ ಆಗ್ತೈತಿ. ಎರಡೆರಡು ಸಲ ಎಣಸ್ತೀನಿ." ನಾನು ಆ ಅಂಗೈಯನ್ನು ನೋಡಿ, "ಸರಿ ಹೋಗುತ್ತೆ ಬಿಡಮ್ಮ" ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೇಳಬೇಕು ಅಂತ ದಿನಕ್ಕೆ ನಾಲ್ಕು ಸಲ ಅಂದುಕೊಳ್ಳುತ್ತಿದ್ದೆ. ಅವಳು ಬರುವ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ತಾರಸಿಗೆ ಹೋಗುತ್ತಿದ್ದೆ.

ಹೇಳಿಸಿದ್ದು ಶೇಂಗಾ ಹೋಳಿಗೆ. ಒಂದು ಭಾನುವಾರ ಅವಳು ಎರಡು ಡಬ್ಬಿ ಹಿಡಿದು ಬಂದಳು, ಒಂದರಲ್ಲಿ ಕಟಕ್ ರೊಟ್ಟಿ, ಒಂದರಲ್ಲಿ ಹೋಳಿಗೆ. ಊರಿಂದ ತಾಯಿ ಕಳಿಸಿದ್ದು. "ಕಾಕಾ-ಕಾಕೂ ನಿನ್ನ ಜೀವಾ ಉಳಿಸ್ಯಾರ, ಅವರ ಕಾಲಿಗೆ ಬಿದ್ದು ಕೊಟ್ಟು ಬಾ ಅಂದಾಳ್ರಿ ನಮ್ಮವ್ವ" ಅಂದವಳೇ ಡಬ್ಬಿ ಕೆಳಗಿಟ್ಟು ನನ್ನ ಕಾಲಿಗೆ ಬಗ್ಗಿದಳು.

ನಾನು ಕಾಲು ಹಿಂದೆಳೆದುಕೊಂಡೆ. ಎಷ್ಟು ಜೋರಾಗಿ ಎಳೆದುಕೊಂಡೆನೆಂದರೆ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು.

"ಬೇಡಮ್ಮ. ಗೀಸರ್ ಅಲ್ಲ. ನಮ್ಮ ಮಷಿನ್ನು. ಅದರ ಹೊಗೆ ನಾನು ಸಂದಿಗೆ ಬಿಟ್ಟಿದ್ದೆ. ನಿನ್ನ ಕಿಟಕಿ ಹತ್ತಿರಕ್ಕೇ" ಎಂದೆ. ಇನ್ನೂ ಚೆನ್ನಾಗಿ ಹೇಳಬೇಕು ಅಂತ ವಾರಗಟ್ಟಲೆ ಮನಸ್ಸಿನಲ್ಲಿ ಸಾಲು ಜೋಡಿಸಿದ್ದೆ. ಬಂದದ್ದು ಇಷ್ಟೇ.

ಅವಳು ನೆಲದ ಮೇಲೆ ಹಾಗೆಯೇ ಕೂತಳು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ಕೇಳಿದಳು, "ನಿಮಗ ಯಾವಾಗ ಗೊತ್ತಾತ್ರಿ?"

"ಅವತ್ತೇ. ಸಂದಿಗೆ ಬಂದಾಗಲೇ."

"ಡಾಕ್ಟರ್ ಕೇಳಿದ್ದು?"

"ಪಕ್ಕದಲ್ಲೇ ನಿಂತಿದ್ದೆ."

ಅವಳ ದನಿ ಏರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ವಾರ್ಡಿನ್ಯಾಗ ಪೇಶಂಟ್ ಏನ್ ತಿಂದಾನ ಅಂತ ಮನಿಮಂದಿ ಮುಚ್ಚಿಟ್ರ ನಾವು ಕೊಡೂ ಔಷಧಾನೂ ತಪ್ಪಾಗ್ತೈತ್ರಿ. ಊರಿಂದ ಬಂದ ಮ್ಯಾಲೆ ದಿನಾ ನಾ ಅದ ಕಿಡಕಿ ತಗದು ಮಲಗೀನಿ."

"ಆವತ್ತಿಂದ ನಾನು ಮಷಿನ್ ಮುಟ್ಟೇ ಇಲ್ಲಮ್ಮ."

"ಅದು ನಿಮಗ ಗೊತ್ತಿತ್ತು. ನನಗ ಗೊತ್ತಿರಲಿಲ್ಲ."

ಎದ್ದಳು. ಡಬ್ಬಿಗಳನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋಗಿ ಕಾಕೂ ಕೈಗೆ ಕೊಟ್ಟಳು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಹೊರಟುಹೋದಳು.

ನನ್ನ ಹೆಂಡತಿ ಅಂದದ್ದು ಒಂದೇ ಮಾತು. "ಮಲಗಲಿ ಬಿಡು ಅಂದ್ರಲ್ರೀ ಅವತ್ತು." ಹೋಳಿಗೆ ತಟ್ಟೆಗೆ ಹಾಕಿ ಮುಂದೆ ಇಟ್ಟಳು, ತಿನ್ನಲಾಗಲಿಲ್ಲ.

ಅವತ್ತೇ ಸಂಜೆ ಓನರ್ ಮನೆಗೆ ಹೋಗಿ ಹೇಳಿದೆ. ಬೀದಿ ಕೇಳುವಂತೆ ಬೈದರು, ಬೈಸಿಕೊಂಡೆ. ಆ ಆಸ್ಪತ್ರೆಗೂ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಮರೆವಿನ ವಿಷಯಕ್ಕೆ ಒಂದ್ಸಲ ಬಂದು ತೋರಿಸಿಕೊಳ್ಳೋಕೆ ಹೇಳಿ ಅವರಿಗೆ. ಎಷ್ಟು ಗಂಟೆ ಆ ಹೊಗೇಲಿದ್ರು ಅಂತ ಆವತ್ತೇ ಗೊತ್ತಾಗಬೇಕಿತ್ತು" ಎಂದರು. ಅದನ್ನು ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದೆ. ಹುಡುಗಿ ಹೋಗಿ ತೋರಿಸಿಕೊಂಡಳು. ನಿಧಾನಕ್ಕೆ ಸರಿಹೋಗುತ್ತದೆ ಅಂದರಂತೆ. ಓನರ್ ಗೀಸರನ್ನು ಬಚ್ಚಲ ಹೊರಗಿನ ಗೋಡೆಗೆ ಹಾಕಿಸಿಕೊಟ್ಟರು.

ನನಗೆ ಜನರೇಟರನ್ನು ಗುಜರಿಗೆ ಹಾಕಿ ಕೈತೊಳೆದುಕೊಳ್ಳುವ ಮನಸ್ಸಿತ್ತು. ಹೆಂಡತಿ ಬಿಡಲಿಲ್ಲ. "ತಪ್ಪು ಮಾಡಿದ್ದು ಮಷಿನ್ನಲ್ಲ. ನೀವೇ ಸರಿ ಮಾಡಿ" ಅಂದಳು. ಸರಿ ಮಾಡುವುದು ಎಷ್ಟು ಸುಲಭ ಅಂತ ಆಗ ಗೊತ್ತಾಯಿತು, ಅದೂ ಚುಚ್ಚಿತು. ಸದ್ದಿಗೆ ಮೊದಲ ಮದ್ದು ದೂರ, ಹೊಗೆಗೂ ಅದೇ ಮದ್ದು. ಮಷಿನ್ನನ್ನು ತಾರಸಿಗೆ ಹೊತ್ತೊಯ್ದು, ಯಾರ ಕಿಟಕಿಯೂ ಇಲ್ಲದ ರಸ್ತೆ ಕಡೆಯ ಮೂಲೆಯಲ್ಲಿ, ಬಯಲಲ್ಲೇ ಇಟ್ಟೆ. ಕೆಳಗೆ ದಪ್ಪ ರಬ್ಬರ್ ಹಾಸಿದೆ, ಅಷ್ಟಕ್ಕೇ ಮನೆ ನಡುಗುವುದು ನಿಂತಿತು. ಪೆಟ್ಟಿಗೆ ಇಲ್ಲ, ಅದರ ಹಸಿರು ಬೊಟ್ಟಿನ ಮೇಲೆ ಕೆಂಪು ಗೀಟು ಎಳೆದು ಟ್ಯಾಂಕಿನ ಹಿಂದೆ ಹಾಕಿದೆ. ಮನೆಗಳಿರುವ ಮೂರು ಕಡೆ ಮಾತ್ರ, ಮಷಿನ್ನಿಗೆ ತಾಗದಂತೆ ಅಂತರ ಬಿಟ್ಟು, ಸಿಮೆಂಟ್ ಹಲಗೆಗಳನ್ನು ನಿಲ್ಲಿಸಿದೆ. ರಸ್ತೆ ಕಡೆ ತೆರೆದಿದೆ, ಮೇಲೆ ಆಕಾಶ. ಸೈಲೆನ್ಸರಿನ ಬಾಯಿ ರಸ್ತೆಯ ಕಡೆಗೆ. ಸದ್ದು ಪೂರ್ತಿ ಹೋಗಲಿಲ್ಲ. ಕೆಳಗೆ ನಿಂತರೆ ದೂರದಲ್ಲಿ ಯಾರೋ ಸ್ಕೂಟರ್ ಆಫ್ ಮಾಡದೆ ನಿಂತಂತೆ ಕೇಳಿಸುತ್ತದೆ. ವಿಷಗಾಳಿ ಬಂದರೆ ಚೀರುವ ಸಣ್ಣ ಅಲಾರಂ ಎರಡು ತಂದೆ, ನಮ್ಮ ಮನೆಗೊಂದು, ಆ ಹುಡುಗಿಯ ಮನೆಗೊಂದು.

ಅವಳ ಮನೆಯ ಅಲಾರಂ ಹಾಕಲು ಹೆಂಡತಿಯನ್ನು ಕರೆದುಕೊಂಡೇ ಹೋದೆ. ಮೇಲೆ ಮಷಿನ್ ಓಡುತ್ತಿತ್ತು. ಕೈಯಲ್ಲಿ ಊದುಬತ್ತಿ ಹಿಡಿದಿದ್ದೆ. ಆ ಕಿಟಕಿಯಲ್ಲಿ, ಮಂಚದ ಪಕ್ಕದಲ್ಲಿ, ಬಚ್ಚಲ ಬಾಗಿಲಲ್ಲಿ ಹಿಡಿದು ನೋಡಿದೆ, ಹೊಗೆ ನೆಟ್ಟಗೆ ಮೇಲೇರಿತು. ಮೊದಲ ದಿನವೇ ಬಂದು ಇಷ್ಟು ಮಾಡಿದ್ದರೆ ಎರಡು ನಿಮಿಷದ ಕೆಲಸ. ಅವಳು ಗೋಡೆಗೊರಗಿ ಕೈಕಟ್ಟಿಕೊಂಡು ನೋಡುತ್ತಿದ್ದಳು. ನೋಟ ಊದುಬತ್ತಿಯ ಮೇಲಿತ್ತು, ನನ್ನ ಮೇಲಲ್ಲ.

"ಇನ್ನೊಂದು ಹಲಗೆ ಹಾಕಿದ್ರೆ ಸದ್ದು ಇನ್ನೂ ಕಡಿಮೆಯಾಗುತ್ತೆ. ಹಾಕ್ತೀನಮ್ಮ" ಎಂದೆ.

"ಬ್ಯಾಡ್ರಿ ಸರ್" ಅಂದಳು. "ಸ್ವಲ್ಪ ಕೇಳಸ್ಲಿ. ಕೇಳಿಸಿದ್ರ ಓಡಾಕತ್ತೈತಿ ಅಂತ ಗೊತ್ತಾಗ್ತೈತಿ. ಏನೂ ಕೇಳಸ್ಲಿಲ್ಲಂದ್ರ ಈಗ ನನಗ ನಿದ್ದಿ ಬರೂದಿಲ್ಲ."

ಹಲಗೆ ಹಾಕಲಿಲ್ಲ. ತಾರಸಿಯ ಆ ವ್ಯವಸ್ಥೆಯ ಮೇಲೆ ಹಸಿರು ಬೊಟ್ಟನ್ನೂ ಇಡಲಿಲ್ಲ.

ಈಗಲೂ ಅವಳು ಮೂರಕ್ಕೆ ಡಬ್ಬಿ ಹಿಡಿದು ಬರುತ್ತಾಳೆ. ಕಾಕೂ ಅನ್ನುತ್ತಾಳೆ, ಕಾಫಿ ಕುಡಿಯುತ್ತಾಳೆ, ನಗುತ್ತಾಳೆ ಕೂಡ. ಅಂಗೈ ಮೇಲೆ ಬರೆದುಕೊಳ್ಳುವುದು ನಿಂತಿದೆ. ಕರೆಂಟ್ ಹೋದ ದಿನ ಮಷಿನ್ ಹಾಕುವ ಮುಂಚೆ ನಾನು ಸಂದಿನ ಬಾಯಿಗೆ ಹೋಗಿ ನಿಂತು, "ಹಾಕ್ತಾ ಇದೀನಮ್ಮ" ಎಂದು ಕೂಗುತ್ತೇನೆ. ಅವಳು ಉತ್ತರ ಕೊಡುವವರೆಗೆ ಕಾಯುತ್ತೇನೆ. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಎಲ್ಲರೂ ನನ್ನನ್ನು ಸರ್ ಅಂದರು, ಒಂದು ದಿನವೂ ನೋಯಲಿಲ್ಲ.

"ಹೂಂ ಸರ್" ಅನ್ನುತ್ತಾಳೆ ಕಿಟಕಿಯ ಒಳಗಿನಿಂದ. ನಾನು ತಾರಸಿಯ ಮೆಟ್ಟಿಲು ಹತ್ತುತ್ತೇನೆ.